ಸ್ಟ್ರಾಮ್ನೆಸ್‌ನಲ್ಲಿ ಎರಡು ರಾತ್ರಿ ಸಾಕಾ? ಮರೀನಾ ಒಳ್ಳೆಯದಾ, ಲಂಗರು ಹಾಕುವುದಾ?

ಹೀಗೆ ಕೇಳಿದ್ದೀರಿ, ಜೊತೆಗೆ ನಿಮ್ಮ ಪ್ಲಾನ್ ಬರೆದಿದ್ದೀರಿ: ಗಂಡ-ಹೆಂಡತಿ ಇಬ್ಬರೇ, 32 ಅಡಿ ಹಾಯಿದೋಣಿ, ಸ್ಕಾಟ್ಲೆಂಡಿನ ವಿಕ್‌ನಿಂದ ಅದರ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳ ಸ್ಟ್ರಾಮ್ನೆಸ್‌ಗೆ, ಅಲ್ಲಿ ಎರಡು ರಾತ್ರಿ, ಆಮೇಲೆ ಭಾನುವಾರದೊಳಗೆ ಪಶ್ಚಿಮದ ಲೂಯಿಸ್ ದ್ವೀಪದ ಸ್ಟೋರ್ನೋವೇ. ಐದು ವರ್ಷದ ಹಿಂದೆ ನಾನೇ ಬರೆದಿಟ್ಟ ಪ್ಲಾನನ್ನು ಯಾರೋ ಎತ್ತಿ ಹಾಕಿದ ಹಾಗಿದೆ. ನಮ್ಮದು 31 ಅಡಿ, ಅಷ್ಟೇ ವ್ಯತ್ಯಾಸ. ಆ ‘ಭಾನುವಾರದೊಳಗೆ’ ಕೂಡ ಹಾಗೇ ಇತ್ತು.

ಮರೀನಾಗೇ (ಸಣ್ಣ ದೋಣಿಗಳನ್ನು ಕಟ್ಟುವ ತಂಗುದಾಣ) ಹೋಗಿ. ಊರಿನ ಉತ್ತರದ ಕಡೆ, ಸ್ಕ್ರ್ಯಾಬ್‌ಸ್ಟರ್ ಫೆರಿ ಬಂದು ನಿಲ್ಲುವ ಧಕ್ಕೆಯ ಹತ್ತಿರವೇ ಇದೆ. ಲಂಗರು ಹಾಕಿ ಕೂತರೆ ಫೆರಿ ಬಂದಾಗಲೆಲ್ಲ ಕುಲುಕಾಟ, ಹಾಲು-ಬ್ರೆಡ್ಡಿಗೂ ಡಿಂಗಿ, ಅಂದರೆ ಪುಟ್ಟ ದೋಣಿ, ಇಳಿಸಬೇಕು. ಆದರೆ ಸ್ಟ್ರಾಮ್ನೆಸ್‌ನಲ್ಲಿ ಎಲ್ಲಿ ನಿಲ್ಲುವುದು ಎನ್ನುವುದು ಪ್ರಶ್ನೆಯೇ ಅಲ್ಲ. ಅಲ್ಲಿಂದ ಪಶ್ಚಿಮಕ್ಕೆ ಯಾವಾಗ ಹೊರಬೀಳುವುದು ಎನ್ನುವುದೇ ಪ್ರಶ್ನೆ, ಅದನ್ನು ನೀವು ಕೇಳಿಲ್ಲ. ನಾವೂ ಕೇಳಿರಲಿಲ್ಲ.

ಊರಿನಿಂದ ಅಟ್ಲಾಂಟಿಕ್‌ಗೆ ಇರುವ ಬಾಗಿಲು ಹೊಯ್ ಸೌಂಡ್. (ಸೌಂಡ್ ಎಂದರೆ ಇಲ್ಲಿ ಸದ್ದಲ್ಲ, ಎರಡು ನೆಲಗಳ ನಡುವಿನ ಇಕ್ಕಟ್ಟಾದ ನೀರು. ಸದ್ದೂ ಇರುತ್ತದೆ, ಅದು ಬೇರೆ ಮಾತು.) ಸ್ಕಾಪಾ ಫ್ಲೋ ಎಂಬ ದೊಡ್ಡ ಒಳಗಡಲಿಗೆ ಭರತದ ನೀರು ಇದರ ಮೂಲಕ ಪೂರ್ವಕ್ಕೆ ನುಗ್ಗುತ್ತದೆ, ಇಳಿತದಲ್ಲಿ ಪಶ್ಚಿಮಕ್ಕೆ ವಾಪಸ್ ಬರುತ್ತದೆ. ಹುಣ್ಣಿಮೆ-ಅಮಾವಾಸ್ಯೆ ಕಳೆದ ಒಂದೆರಡು ದಿನಕ್ಕೆ ಅದರ ವೇಗ 8 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿ.ಮೀ.) ದಾಟುತ್ತದೆ. ನಿಮ್ಮ ದೋಣಿ ಎಂಜಿನ್ ಮೇಲೆ ಎಷ್ಟು ಹೋಗುತ್ತದೆ? ಐದೂವರೆ, ಹೆಚ್ಚೆಂದರೆ ಆರು. ಅಂದರೆ ಇಳಿತದ ನಡುಹೊತ್ತಿಗೆ ಒಮ್ಮೆ ಹೊರಟರೆ ಮನಸ್ಸು ಬದಲಾಯಿಸುವ ಅವಕಾಶವೇ ಇಲ್ಲ.

ನಾವು ಹೊರಟದ್ದು ಜೂನ್ ತಿಂಗಳು. ಅಮಾವಾಸ್ಯೆ ಕಳೆದು ಎರಡನೇ ದಿನ. ಆಗ್ನೇಯದಿಂದ 8 ನಾಟ್ ಗಾಳಿ, ಆಕಾಶದಲ್ಲಿ ಒಂದು ಮೋಡವಿಲ್ಲ. ಪಕ್ಕದ ಪಾಂಟೂನಿನಲ್ಲಿ (ತೇಲುವ ಕಟ್ಟೆ) ಏಡಿ ಬುಟ್ಟಿ ಜೋಡಿಸುತ್ತಿದ್ದ ಹಿರಿಯರೊಬ್ಬರು, ಹೊರಗೆ ‘ಪೀಡಿ’ ಅಲೆ ಇರಬಹುದು ಎಂದರು. ಆರ್ಕ್ನಿ ಮಾತಿನಲ್ಲಿ ಪೀಡಿ ಎಂದರೆ ಚಿಕ್ಕದು. ನಮ್ಮ ‘ಪೀಡೆ’ ಎಂದು ಕೇಳಿಸಿಕೊಂಡಿದ್ದರೆ ಒಳ್ಳೆಯದಿತ್ತು. ಆ ಊರಿನವರು ಯಾವುದನ್ನೂ ದೊಡ್ಡದು ಮಾಡಿ ಹೇಳುವುದಿಲ್ಲ; ಅವರು ಚಿಕ್ಕದು ಎಂದರೂ ಒಮ್ಮೆ ನಿಂತು ಯೋಚಿಸಿ.

ಈಗ ತಪ್ಪಿನ ವಿಷಯ. ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ, ಯಾಕೆಂದರೆ ಆವತ್ತು ನನಗದು ತಪ್ಪು ಎನ್ನಿಸಿರಲೇ ಇಲ್ಲ, ಜಾಣತನ ಎನ್ನಿಸಿತ್ತು. ಸ್ಕಾಟ್ಲೆಂಡಿನ ವಾಯವ್ಯ ಮೂಲೆ ಕೇಪ್ ರ‍್ಯಾತ್‌ಗೆ ಸುಮಾರು 55 ನಾಟಿಕಲ್ ಮೈಲಿ. ಇಳಿತ ಶುರುವಾದ ಕೂಡಲೇ ಹೊರಟರೆ ನೀರಿನ ಸಹಾಯ ಕಡಿಮೆ, ಎರಡು ಗಂಟೆ ಬಿಟ್ಟು ಹೊರಟರೆ ಪೂರ್ತಿ ಎಳೆತ ಸಿಗುತ್ತದೆ, ಒಂದು ಗಂಟೆ ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ನಾನು ನೋಡಿದ್ದು ಗಾಳಿಯ ಮುನ್ಸೂಚನೆ ಮಾತ್ರ. ಎರಡು ದಿನ ಮೊದಲು ಪಶ್ಚಿಮದಲ್ಲಿ ತೂಫಾನ್ ಆಗಿ ಹೋಗಿತ್ತು. ಗಾಳಿ ಸತ್ತರೂ ಅದು ಎಬ್ಬಿಸಿದ ತೆರೆ ಸಾಯುವುದಿಲ್ಲ. ಎತ್ತರ 2.5 ಮೀಟರ್, ಒಂದು ತೆರೆಯಿಂದ ಇನ್ನೊಂದಕ್ಕೆ 10 ಸೆಕೆಂಡ್ ಎಂದು ಅಲೆಯ ಮುನ್ಸೂಚನೆಯಲ್ಲಿ ಬರೆದಿತ್ತು. ಆ ಪುಟ ನಾನು ತೆರೆಯಲಿಲ್ಲ. ತೆರೆದಿದ್ದರೂ 10 ಸೆಕೆಂಡಿನ ಉದ್ದ ತೆರೆ, ಉಯ್ಯಾಲೆಯ ಹಾಗೆ ಇರುತ್ತದೆ ಎಂದುಕೊಳ್ಳುತ್ತಿದ್ದೆ.

ಆಳದ ನಿಂತ ನೀರಿನಲ್ಲಿ ಹಾಗೇ ಇರುತ್ತದೆ. 10 ಸೆಕೆಂಡಿನ ತೆರೆ ಅಲ್ಲಿ ಸುಮಾರು 30 ನಾಟ್ ವೇಗದಲ್ಲಿ ಓಡುತ್ತದೆ. ಎದುರಿನಿಂದ ನೀರು ಹರಿದು ಬಂದರೆ ಅದರ ಉದ್ದ ಕುಗ್ಗುತ್ತದೆ, ಎತ್ತರ ಏರುತ್ತದೆ. ಎದುರು ಹರಿವು ತೆರೆಯ ವೇಗದ ಕಾಲುಭಾಗ ಮುಟ್ಟಿದರೆ, ಇಲ್ಲಿ ಏಳೂವರೆ ನಾಟ್, ಅದರ ಶಕ್ತಿ ಮುಂದೆ ದಾಟಲಾರದೆ ಅಲ್ಲೇ ರಾಶಿ ಬಿದ್ದು ಒಡೆಯುತ್ತದೆ. 8 ಸೆಕೆಂಡಿನ ತೆರೆಗೆ 6 ನಾಟ್ ಸಾಕು. ಈಗ ಹೊಯ್ ಸೌಂಡಿನ 8 ನಾಟ್ ಜೊತೆ ಇದನ್ನು ಇಟ್ಟು ನೋಡಿ. ನಾನು ಸಹಾಯ ಎಂದು ಆರಿಸಿದ ಹೊತ್ತು, ಆ ಬಾಗಿಲಲ್ಲಿ ತೆರೆಗಳು ನಿಂತು ಒಡೆಯುವ ಹೊತ್ತೇ ಆಗಿತ್ತು. ಹೊಯ್ ಸೌಂಡಿನಿಂದ ಸ್ವಲ್ಪ ಉತ್ತರಕ್ಕೆ ಬಿಲಿಯಾ ಕ್ರೂ ಎಂಬ ಜಾಗದಲ್ಲಿ ಅಲೆಯಿಂದ ವಿದ್ಯುತ್ ತೆಗೆಯುವ ಯಂತ್ರಗಳನ್ನು ಪರೀಕ್ಷೆ ಮಾಡುತ್ತಾರೆ. ಅಲೆ ಧಾರಾಳ ಎಂದೇ ಆ ಜಾಗ ಆರಿಸಿದ್ದು.

ಇದನ್ನು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕು, ಕರಾವಳಿಯವರಿಗೆ ಬೇಡ. ಇಳಿತದ ಹೊತ್ತಿಗೆ ಅಳಿವೆ ಬಾಯಲ್ಲಿ ತೆರೆ ಎದ್ದು ನಿಲ್ಲುತ್ತದೆ ಎಂದು ದೋಣಿಯವರ ಮಕ್ಕಳಿಗೂ ಗೊತ್ತು. ನಾನು ಗಂಗೊಳ್ಳಿಯವನು. ಗೊತ್ತಿದ್ದೂ ಮಾಡಿದೆ.

ದಡದ ಕೊನೆಯ ಮನೆ ದಾಟುವಾಗ ಜಿಪಿಎಸ್ 11.8 ನಾಟ್ ತೋರಿಸುತ್ತಿತ್ತು. ಮುಂದೆ ಅಡ್ಡಕ್ಕೆ ಒಂದು ಬಿಳಿ ಗೆರೆ. ದೋಣಿ ತಿರುಗಿಸಿ ಪೂರ್ತಿ ಥ್ರಾಟಲ್ ಕೊಟ್ಟೆ. ಮೂತಿ ಊರಿನ ಕಡೆ ಇತ್ತು, ಊರು ಮಾತ್ರ ಚಿಕ್ಕದಾಗುತ್ತಾ ಹೋಯಿತು. ನಾವು ಗಂಟೆಗೆ ಒಂದೂವರೆ ಮೈಲಿ ಹಿಂದಕ್ಕೆ ಹೋಗುತ್ತಿದ್ದೆವು. ಮೊದಲ ಕುಲುಕಾಟಕ್ಕೇ ಎಂಜಿನ್ ಸದ್ದು ಏರಿ ಇಳಿಯತೊಡಗಿತು, ಆಮೇಲೆ ನಿಂತಿತು. ಹಾಯಿ ಬಿಚ್ಚಿದರೆ ಜೋತುಬಿತ್ತು: ಗಾಳಿ ಆಗ್ನೇಯದಿಂದ 8 ನಾಟ್, ನೀರು ಹೆಚ್ಚುಕಡಿಮೆ ಗಾಳಿ ಹೋಗುವ ದಿಕ್ಕಿಗೇ 7 ನಾಟ್, ಹಾಯಿಗೆ ಸಿಗುವುದು ಉಳಿದ ಚೂರು ಮಾತ್ರ. ಕ್ಯಾಬಿನ್ ಬಾಗಿಲಿನ ಹಲಗೆ ಹಾಕಿರಲಿಲ್ಲ, ಬಿಸಿಲಿತ್ತಲ್ಲ. ಎರಡನೇ ತೆರೆ ಅಲ್ಲಿಂದ ಒಳಗಿಳಿಯಿತು. ಹೆಂಡತಿ ಅಡುಗೆಕಟ್ಟೆಯ ಅಂಚಿಗೆ ಬಿದ್ದು ಎರಡು ಪಕ್ಕೆಲುಬು ಬಿರುಕು ಬಿಟ್ಟವು. ವಿಎಚ್‌ಎಫ್ ರೇಡಿಯೋ, ನಕ್ಷೆ ತೋರಿಸುವ ಪ್ಲಾಟರ್ ಎರಡೂ ಸತ್ತವು. ಇಪ್ಪತ್ತು ನಿಮಿಷದಲ್ಲಿ ನೀರೇ ನಮ್ಮನ್ನು ಆಚೆಗೆ ಉಗಿಯಿತು. ಅಲ್ಲಿ ಅದೇ ತೆರೆ ನಿಜವಾಗಿಯೂ ಉಯ್ಯಾಲೆಯ ಹಾಗಿತ್ತು. ಇಳಿತ ಮುಗಿದು ಭರತ ಶುರುವಾಗುವವರೆಗೆ ಹೊರಗೇ ಕಾದು ವಾಪಸ್ ಬಂದೆವು. ಆ ವರ್ಷದ ಸೀಸನ್ ಅಲ್ಲಿಗೆ ಮುಗಿಯಿತು.

ಎಂಜಿನ್ ಯಾಕೆ ನಿಂತಿತು? ಟ್ಯಾಂಕಿನ ತಳದಲ್ಲಿ ನೀರು, ಅದರ ಮೇಲೆ ಬೆಳೆದ ಕಪ್ಪು ಲೋಳೆ. ಶಾಂತ ನೀರಿನಲ್ಲಿ ಅದು ಸುಮ್ಮನೆ ಮಲಗಿರುತ್ತದೆ, ಕುಲುಕಿದಾಗ ಎದ್ದು ಫಿಲ್ಟರ್ ಕಟ್ಟಿಹಾಕುತ್ತದೆ. ಅಂದರೆ ಎಂಜಿನ್ ತೀರಾ ಬೇಕಾದ ಹೊತ್ತಿಗೇ ಅದು ಕೈಕೊಡುವುದು ಕಾಕತಾಳೀಯ ಅಲ್ಲ. ಹೊರಡುವ ಮುಂಚೆ ಟ್ಯಾಂಕಿನ ತೀರಾ ತಳಕ್ಕೆ ಪೈಪ್ ಇಳಿಸಿ ಕೈಪಂಪಿನಲ್ಲಿ ಎರಡು ಲೀಟರ್ ಎಳೆದು ಗಾಜಿನ ಬಾಟಲಿಯಲ್ಲಿ ಇಟ್ಟು ನೋಡಿ. ಅರ್ಧ ಗಂಟೆಯಲ್ಲಿ ನೀರು ಕೆಳಗೆ ಕೂರುತ್ತದೆ, ನಡುವೆ ಕೂದಲಿನಂಥ ಕಪ್ಪು ಎಳೆ ಕಂಡರೆ ಟ್ಯಾಂಕ್ ತೊಳೆಸಿ. ಔಷಧ ಮಾತ್ರ ಹಾಕಿದರೆ ಸತ್ತ ಲೋಳೆ ಇನ್ನೂ ಬೇಗ ಫಿಲ್ಟರಿಗೆ ಬರುತ್ತದೆ.

ಫಿಲ್ಟರ್ ಬದಲಿಸುವುದನ್ನು ಮರೀನಾದಲ್ಲೇ, ಇಬ್ಬರೂ ಒಂದೊಂದು ಸಲ ಮಾಡಿ. ಟ್ಯಾಂಕಿನ ವಾಲ್ವ್ ಮುಚ್ಚಿ, ಮೊದಲನೇ ಫಿಲ್ಟರಿನ ಎಲಿಮೆಂಟ್ (ಒಳಗಿನ ಸೋಸುವ ಭಾಗ) ಬದಲಿಸಿ, ಬಟ್ಟಲಿಗೆ ಶುದ್ಧ ಡೀಸೆಲ್ ತುಂಬಿ ಮುಚ್ಚಿ. ವಾಲ್ವ್ ತೆರೆದು, ಎಂಜಿನ್ ಮೇಲಿನ ಎರಡನೇ ಫಿಲ್ಟರಿನ ಬ್ಲೀಡ್ ಸ್ಕ್ರೂ (ಒಳಗಿನ ಗಾಳಿ ಬಿಡುವ ಸ್ಕ್ರೂ) ಎರಡು ಸುತ್ತು ಸಡಿಲಿಸಿ, ಡೀಸೆಲ್ ಎಳೆಯುವ ಲಿಫ್ಟ್ ಪಂಪಿನ ಸಣ್ಣ ಹಿಡಿ ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತದೆ, ಗುಳ್ಳೆ ಪೂರ್ತಿ ನಿಂತ ಮೇಲೆ ಸ್ಕ್ರೂ ಬಿಗಿ ಮಾಡಿ. ಹಿಡಿ ಸಡಿಲವಾಗಿ ಆಡುತ್ತಿದ್ದರೆ ಪಂಪ್ ಕೆಟ್ಟಿಲ್ಲ, ಒಳಗಿನ ಕ್ಯಾಮ್ (ಪಂಪನ್ನು ಒತ್ತುವ ಉಬ್ಬು) ಎತ್ತಿ ಹಿಡಿದಿದೆ. ಎಂಜಿನ್ ಒಂದು ಸುತ್ತು ತಿರುಗಿಸಿದರೆ ಸರಿಯಾಗುತ್ತದೆ. ಮತ್ತೆ, ಸ್ಟಾರ್ಟರ್ ತುಂಬಾ ಹೊತ್ತು ಒತ್ತುವುದಾದರೆ ಎಂಜಿನ್ ತಂಪು ಮಾಡುವ ಸಮುದ್ರದ ನೀರಿನ ವಾಲ್ವ್ ಮುಚ್ಚಿಕೊಳ್ಳಿ. ಇಲ್ಲವಾದರೆ ಎಕ್ಸಾಸ್ಟ್ ತುಂಬಿ ಉಪ್ಪುನೀರು ಸಿಲಿಂಡರಿಗೆ ಇಳಿಯುತ್ತದೆ. ಎಂಜಿನ್ ಹತ್ತಿಕೊಂಡ ತಕ್ಷಣ ವಾಲ್ವ್ ತೆರೆಯಲು ಮರೆಯಬೇಡಿ. ತಲೆ ಸುತ್ತಿಸುವ ಕಡಲಲ್ಲಿ, ಡೀಸೆಲ್ ವಾಸನೆಯಲ್ಲಿ ನನಗೆ ಇದಕ್ಕೆ ನಲವತ್ತು ನಿಮಿಷ ಹಿಡಿಯಿತು. ಅಭ್ಯಾಸ ಇದ್ದರೆ ಹತ್ತು ಸಾಕು.

ಹೊರಡುವ ಹೊತ್ತು ಹೀಗೆ ಲೆಕ್ಕ ಹಾಕಿ: ಭರತ ಸುಸ್ತಾಗಿ ಹರಿವು ನಿಲ್ಲುವ ಹೊತ್ತಿಗೆ ನೀವು ಹೊಯ್ ಸೌಂಡಿನ ಪಶ್ಚಿಮದ ಬಾಯಲ್ಲಿ ಇರಬೇಕು, ಮರೀನಾದಲ್ಲಿ ಅಲ್ಲ. ಅದಕ್ಕಾಗಿ ಕೊನೆಯ ಮುಕ್ಕಾಲು ಗಂಟೆ ಸಣ್ಣ ಎದುರು ಹರಿವಿನ ವಿರುದ್ಧ ಎಂಜಿನ್ ಓಡಿಸಬೇಕಾಗುತ್ತದೆ, ಓಡಿಸಿ. ಹರಿವು ತೆರೆಯ ದಿಕ್ಕಿಗೇ ಇರುವುದರಿಂದ ನೀರು ನಯವಾಗಿರುತ್ತದೆ. ಆಮೇಲೆ ಇಳಿತ ಶುರುವಾಗಿ ನಿಮ್ಮನ್ನು ಹೊರಗೆ ಒಯ್ಯುತ್ತದೆ, ಅದು ಜೋರಾಗುವಷ್ಟರಲ್ಲಿ ನೀವು ಆಚೆ ಇರುತ್ತೀರಿ. ಹೊತ್ತನ್ನು ಧಕ್ಕೆಯ ಕಲ್ಲಿನ ಮೇಲೆ ನೀರು ಎಷ್ಟಿದೆ ಎಂದು ನೋಡಿ ಊಹಿಸಬೇಡಿ. ನೀರಿನ ಮಟ್ಟ ತಿರುಗುವ ಹೊತ್ತು, ಹರಿವು ತಿರುಗುವ ಹೊತ್ತು ಎರಡೂ ಒಂದೇ ಅಲ್ಲ. ಬ್ರಿಟಿಷ್ ಅಡ್ಮಿರಾಲ್ಟಿಯ ಆರ್ಕ್ನಿ-ಶೆಟ್ಲೆಂಡ್ ಹರಿವಿನ ಅಟ್ಲಾಸ್, ಎನ್‌ಪಿ 209, ಕಾಗದದ್ದೇ ಇಟ್ಟುಕೊಳ್ಳಿ. ಹಡಗುಗಳ ಸಂಚಾರ ನೋಡಿಕೊಳ್ಳುವ ಆರ್ಕ್ನಿ ವಿಟಿಎಸ್ ವಿಎಚ್‌ಎಫ್ ಚಾನೆಲ್ 11ರಲ್ಲಿ ಸಿಗುತ್ತದೆ. ಪಶ್ಚಿಮದ ತೆರೆ 2 ಮೀಟರ್ ದಾಟಿದ್ದರೆ ನನ್ನ ಪ್ರಕಾರ ಆ ದಿನ ಹೊರಡಲೇಬೇಡಿ, ಅಷ್ಟಮಿ ಕಡೆಯ ಸಪ್ಪೆ ಹರಿವಿದ್ದರೂ.

ಹಾಗಾಗಿ ‘ಎರಡು ರಾತ್ರಿ ಸಾಕಾ’ ಎಂಬುದಕ್ಕೆ ಉತ್ತರ ನಿಮ್ಮ ಹತ್ತಿರವೂ ಇಲ್ಲ, ನನ್ನ ಹತ್ತಿರವೂ ಇಲ್ಲ. ಆರು ದಿನ ಇಟ್ಟುಕೊಳ್ಳಿ. ಜೂನ್‌ನಲ್ಲಿ ರಾತ್ರಿ ಹತ್ತೂವರೆಯ ಹತ್ತಿರ ಸೂರ್ಯ ಮುಳುಗುವುದು, ಆಮೇಲಿನ ಮಬ್ಬು ಬೆಳಕಿಗೆ ಅಲ್ಲಿನವರು ಗ್ರಿಮ್ಲಿನ್ಸ್ ಎನ್ನುತ್ತಾರೆ. ಹಾಸುಗಲ್ಲಿನ ಒಂದೇ ಬೀದಿ, ಅದರ ದಕ್ಷಿಣದ ತುದಿಯತ್ತ ಲಾಗಿನ್ಸ್ ವೆಲ್ ಎಂಬ ಮುಚ್ಚಿದ ಬಾವಿ. ಹಡ್ಸನ್ ಬೇ ಕಂಪನಿಯ ಹಡಗುಗಳು, 1780ರಲ್ಲಿ ಕುಕ್‌ನ ಹಡಗುಗಳು, 1845ರಲ್ಲಿ ಫ್ರಾಂಕ್ಲಿನ್‌ನ ಎರೆಬಸ್ ಮತ್ತು ಟೆರರ್ ನೀರು ತುಂಬಿಸಿಕೊಂಡದ್ದು ಅಲ್ಲೇ. ಹೊತ್ತು ಹೋಗುತ್ತದೆ. ಪಶ್ಚಿಮದ ತೆರೆ ವಾರ ಪೂರ್ತಿ ಇಳಿಯದಿದ್ದರೆ ಸ್ಕಾಪಾ ಫ್ಲೋ ಒಳಗಿಂದ ಅದರ ದಕ್ಷಿಣದ ಬಾಗಿಲು ಹೊಕ್ಸಾ ಸೌಂಡ್ ಕಡೆ ಬಂದು ವಿಕ್‌ಗೆ ವಾಪಸ್ ಹೋಗಿ. ದಾರಿಯಲ್ಲಿ ಸಿಗುವ ಪೆಂಟ್‌ಲ್ಯಾಂಡ್ ಫರ್ತ್ (ಆರ್ಕ್ನಿ ಮತ್ತು ಸ್ಕಾಟ್ಲೆಂಡ್ ನಡುವಿನ ಜಲಸಂಧಿ) ಹರಿವಿನ ಲೆಕ್ಕ ಬೇರೆ, ಇನ್ನೂ ಖಡಕ್, ಅದನ್ನೂ ಅದೇ ಅಟ್ಲಾಸ್‌ನಲ್ಲಿ ನೋಡಿಕೊಳ್ಳಿ.

ಸ್ಟೋರ್ನೋವೇಯಲ್ಲಿ ಯಾರಾದರೂ ಕಾಯುತ್ತಿದ್ದರೆ ಇವತ್ತೇ ಫೋನ್ ಮಾಡಿ, ಭಾನುವಾರ ಬರುವುದಿಲ್ಲ, ಯಾವತ್ತು ಎಂದು ಗೊತ್ತಿಲ್ಲ ಎಂದು ಹೇಳಿಬಿಡಿ. ಮತ್ತೆ ಎರಡೂ ಫಿಲ್ಟರಿಗೆ ಮೂರು ಮೂರು ಎಲಿಮೆಂಟ್ ತೆಗೆದುಕೊಳ್ಳಿ, ಅವುಗಳ ರಬ್ಬರ್ ರಿಂಗ್ ಸಮೇತ.