ಅಮೆರಿಕದ ಆನ್ಸಾ ಹಾದಿಯನ್ನು ಪೂರ್ತಿ ನಡೆಯಬಹುದಾ? ಎಲ್ಲಿಂದ ಶುರು ಮಾಡಿದರೆ ಒಳ್ಳೆಯದು?

ಎರಡೂವರೆ ಶತಮಾನದ ಹಿಂದೆ ಸ್ಪೇನಿನ ವಲಸೆಗಾರರ ಗುಂಪೊಂದು ಕ್ಯಾಲಿಫೋರ್ನಿಯಾಕ್ಕೆ ಹೋದ ದಾರಿಯಿದು, ಒಂದೇ ಉಸಿರಿಗೆ ನಡೆಯುವಂಥದ್ದಲ್ಲ. ಅಮೆರಿಕದೊಳಗಿನ ಭಾಗವೇ ಸುಮಾರು 1,900 ಕಿ.ಮೀ. ಇದೆ. ಅದರ ಬಹಳಷ್ಟು ಜಾಗದಲ್ಲಿ ಈಗ ಹೆದ್ದಾರಿ, ಹೊಲ, ಊರುಗಳೇ ತುಂಬಿವೆ. ಹಾಗಾಗಿ ಜಾಸ್ತಿ ದೂರ ಕಾರಿನಲ್ಲಿ ಹೋಗಿ, ಚೆನ್ನಾಗಿರುವ ತುಂಡುಗಳನ್ನಷ್ಟೇ ನಡೆಯುವುದು ಜಾಣತನ.

1775ರ ಅಕ್ಟೋಬರ್‌ನಲ್ಲಿ ಸ್ಪೇನ್‌ನ ಸೇನಾಧಿಕಾರಿ ಹುವಾನ್ ಬಾಟಿಸ್ಟಾ ಡಿ ಆನ್ಸಾ ಈಗಿನ ಅರಿಜೋನಾದ ಟುಬಾಕ್‌ನಿಂದ 240ಕ್ಕೂ ಹೆಚ್ಚು ಜನರನ್ನು ಕರೆದುಕೊಂಡು ಹೊರಟ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ಸ್ಪೇನ್‌ನ ನೆಲೆ ಊರಬೇಕಿತ್ತು. ದಂಡಯಾತ್ರೆ ಅಂದುಕೊಳ್ಳಬೇಡಿ, ಅರ್ಧಕ್ಕೂ ಹೆಚ್ಚು ಜನ ಮಕ್ಕಳೇ! ಮೊದಲ ರಾತ್ರಿಯೇ ಮನುಯೆಲಾ ಪಿನ್ಯುಯೆಲಾಸ್ ಎಂಬ ತಾಯಿ ಹೆರಿಗೆಯ ನಂತರ ತೀರಿಕೊಂಡಳು. ಅಲ್ಲಿಂದ ಕ್ಯಾಲಿಫೋರ್ನಿಯಾದ ಮಾಂಟೆರೆ ತಲುಪುವವರೆಗೆ ಮತ್ತೊಬ್ಬರು ಸಾಯಲಿಲ್ಲ. ಆ ಚಳಿ, ಆ ಮರುಭೂಮಿ ನೆನೆದರೆ ಇದು ಸಣ್ಣ ಮಾತಲ್ಲ ಅಲ್ವಾ?

ಕೊಲೊರಾಡೋ ನದಿ ದಾಟಲು ನೆರವಾದವರು ಅಲ್ಲಿನ ಮೂಲನಿವಾಸಿಗಳಾದ ಕ್ವೆಚಾನ್ ಜನ. ಆಮೇಲೆ ಸ್ಪೇನಿನವರು ಅವರ ಹೊಲ-ಮನೆಗೇ ಕೈ ಹಾಕಿದಾಗ, 1781ರಲ್ಲಿ ಅದೇ ಜನ ದಂಗೆ ಎದ್ದರು. ಹಾದಿ ಮುಚ್ಚಿಹೋಯಿತು. ಫಲಕಗಳಲ್ಲಿ ಆನ್ಸಾನ ಹೆಸರೇ ದೊಡ್ಡದು, ಆದರೆ ನನಗೆ ಈ ಭಾಗವೇ ಮುಖ್ಯ ಅನಿಸುತ್ತದೆ.

ಶುರು ಮಾಡಲು ಟುಬಾಕ್–ತುಮಕಾಕೊರಿ ನಡುವಿನ ತುಂಡು ಒಳ್ಳೆಯದು. ಸಾಂತಾ ಕ್ರೂಜ್ ನದಿಯ ಪಕ್ಕದಲ್ಲೇ ಮರಗಳ ನೆರಳಿನಲ್ಲಿ ಸುಮಾರು 7 ಕಿ.ಮೀ. ನಡೆಯಬಹುದು. ಮಳೆ ಬಂದಿದ್ದರೆ ಹೊಳೆ ದಾಟುವ ಜಾಗ ವಿಚಾರಿಸಿಕೊಂಡು ಹೋಗಿ. ಕ್ಯಾಲಿಫೋರ್ನಿಯಾದ ಆನ್ಸಾ-ಬೊರೆಗೋ ಮರುಭೂಮಿಗೆ ಬೇಸಿಗೆಯಲ್ಲಿ ಮಾತ್ರ ಹೋಗಲೇಬೇಡಿ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿರುವ ಕನ್ನಡಿಗರಿಗೆ ಪ್ರೆಸಿಡಿಯೋ ಉದ್ಯಾನ ಹತ್ತಿರವೇ ಇದೆ, ಕೋಟೆಗೆಂದು ಆನ್ಸಾ ಗುರುತಿಸಿದ ಜಾಗ ಅದೇ.