ಸೀಮೆಎಣ್ಣೆ ವಾಸನೆ ಬಂದರೆ ರೀಸ್ಲಿಂಗ್ ಕೆಟ್ಟಿದೆ ಅಂತಲ್ಲ

ನಮಸ್ಕಾರ ಮೇಡಂ. ನಿಮ್ಮ ತಮ್ಮ ಜರ್ಮನಿಯಿಂದ ತಂದ ಮೊಸೆಲ್ ರೀಸ್ಲಿಂಗ್, ಅಂದರೆ ಮೊಸೆಲ್ ನದಿ ಕಣಿವೆಯ ರೀಸ್ಲಿಂಗ್ ದ್ರಾಕ್ಷಿಯ ಬಿಳಿ ವೈನ್ ಬಗ್ಗೆ ಕೇಳಿದ್ದೀರಿ. 2014ರ ಬಾಟಲಿ, ಲೇಬಲ್ ಮೇಲೆ ಕಬಿನೆಟ್ ಅನ್ನುವ ದರ್ಜೆ, ಆಲ್ಕೋಹಾಲ್ ಬರೀ 8.5%. ಸೀಮೆಎಣ್ಣೆ ವಾಸನೆ ಬರ್ತಿದೆ, ಕಾರ್ಕಿಗೆ ಬಿಳಿ ಹರಳು ಅಂಟಿದೆ, ಕುಡಿದರೆ ಸಿಹಿ, ಚೆಲ್ಲಿಬಿಡಲಾ ಅಂದಿದ್ದೀರಿ. ದಯವಿಟ್ಟು ಚೆಲ್ಲಬೇಡಿ!

ಹರಳು ದ್ರಾಕ್ಷಿಯದೇ ಟಾರ್ಟರಿಕ್ ಆಮ್ಲದಿಂದ ಆಗಿದ್ದು. ತಂಪಿಗೆ ಗಟ್ಟಿಯಾಗುತ್ತದೆ, ತೊಂದರೆ ಏನೂ ಇಲ್ಲ. ಸೀಮೆಎಣ್ಣೆ ವಾಸನೆಗೆ ಟಿಡಿಎನ್ ಅನ್ನುವ ಒಂದು ಸಂಯುಕ್ತ ಕಾರಣ. ರೀಸ್ಲಿಂಗ್ ಹಳೆಯದಾದಂತೆ ಅದು ಹೆಚ್ಚುತ್ತದೆ. ಬಿಸಿಲು ಚೆನ್ನಾಗಿ ತಿಂದ ಗೊಂಚಲಾದರೆ ಇನ್ನೂ ಜಾಸ್ತಿ. ವಯಸ್ಸಾದ ರೀಸ್ಲಿಂಗಿನಲ್ಲಿ ಅದನ್ನೇ ಹುಡುಕಿಕೊಂಡು ಹೋಗುವವರಿದ್ದಾರೆ, ನಾನೂ ಅವರಲ್ಲೊಬ್ಬ. ಒದ್ದೆ ರಟ್ಟಿನ ಮುಗ್ಗಲು ವಾಸನೆ ಬಂದರೆ ಮಾತ್ರ ಕಾರ್ಕ್ ಕೆಟ್ಟಿದೆ ಅಂತ ತಿಳಿಯಿರಿ.

ಈಗ ಸಿಹಿಯ ವಿಷಯ. ಯೀಸ್ಟ್ ಸಕ್ಕರೆಯನ್ನೆಲ್ಲ ತಿನ್ನುವ ಮೊದಲೇ ವೈನನ್ನು ತಣ್ಣಗೆ ಮಾಡಿ ಹುದುಗುವುದನ್ನು ನಿಲ್ಲಿಸುತ್ತಾರೆ. ಅದಕ್ಕೇ ಆಲ್ಕೋಹಾಲ್ ಕಡಿಮೆ. ಕಬಿನೆಟ್‌ಗೆ ಹುದುಗುವ ಮೊದಲು ಸಕ್ಕರೆ ಸೇರಿಸುವುದಕ್ಕೆ ಅಲ್ಲಿನ ಕಾನೂನು ಬಿಡುವುದಿಲ್ಲ. ಉಳಿದಿರುವುದು ಹಣ್ಣಿನದೇ ಸಿಹಿ. ಆದರೆ ಈ ವೈನನ್ನು ಅಳೆಯಬೇಕಾದದ್ದು ಅದರ ಹುಳಿಯಿಂದ.

ಹೀಗೆ ಮಾಡಿ ನೋಡಿ. ಫ್ರಿಜ್ಜಿನಿಂದ ತೆಗೆದು ಕಾಲು ಗಂಟೆ ಹೊರಗಿಡಿ, 8ರಿಂದ 10 ಡಿಗ್ರಿ ಸಾಕು. ತೀರಾ ತಣ್ಣಗಿದ್ದರೆ ಪರಿಮಳ ಏಳುವುದಿಲ್ಲ. ಗ್ಲಾಸಿಗೆ ಸ್ವಲ್ಪವೇ ಹಾಕಿ, ಆಡಿಸದೆ ಒಮ್ಮೆ ಮೂಸಿ, ಆಡಿಸಿ ಇನ್ನೊಮ್ಮೆ ಮೂಸಿ. ಸೀಮೆಎಣ್ಣೆಯ ಹಿಂದೆ ನಿಂಬೆ ಸಿಪ್ಪೆ, ಪೀಚ್, ಜೇನು ಸಿಗಬೇಕು. ಒಂದು ಗುಟುಕು ಬಾಯಲ್ಲಿ ಹಿಡಿದುಕೊಳ್ಳಿ. ಮೊದಲು ಸಿಹಿ ಬರುತ್ತದೆ, ಹಿಂದೆಯೇ ಕೆನ್ನೆಯ ಒಳಗೆ ನೀರೂರುತ್ತದೆ. ನುಂಗಿದ ಮೇಲೆ ಸುಮ್ನೆ ಕಾಯಿರಿ. ನಾಲಿಗೆ ಅಂಟಂಟಾಗದೆ ಶುಭ್ರವಾಗಿ ನಿಂತರೆ ಅದು ಒಳ್ಳೆಯ ವೈನ್. ಮಾವಿನಕಾಯಿ ಗೊಜ್ಜಿಗೆ ಬೆಲ್ಲ ಹಾಕಿದಾಗ ಹುಳಿ ಹೋಗುವುದಿಲ್ಲ, ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ ಅಲ್ವಾ, ಹಾಗೆ.

ಆ ಹುಳಿ ಬರುವುದು ಚಳಿಯಿಂದ. ಮೊಸೆಲ್ ಕಣಿವೆ ಇರುವುದು 50 ಡಿಗ್ರಿ ಅಕ್ಷಾಂಶದ ಹತ್ತಿರ, ನಮ್ಮ ಬೆಂಗಳೂರು 13ರಲ್ಲಿ. ಸೆಕೆ ಜಾಸ್ತಿಯಾದರೆ ಹಣ್ಣು ಮಾಗುವಾಗ ತನ್ನ ಮ್ಯಾಲಿಕ್ ಆಮ್ಲವನ್ನು ಬೇಗ ಕಳೆದುಕೊಳ್ಳುತ್ತದೆ. ಇಲ್ಲಿ ದ್ರಾಕ್ಷಿ ಬೆಳೆಯುವವರಿಗೆ ಇದು ಚೆನ್ನಾಗಿ ಗೊತ್ತು. ಅಲ್ಲಿ ರೀಸ್ಲಿಂಗ್ ನಿಧಾನವಾಗಿ, ಎಷ್ಟೋ ಸಲ ಅಕ್ಟೋಬರಿನವರೆಗೂ ಮಾಗುತ್ತದೆ, ಹುಳಿ ಉಳಿಯುತ್ತದೆ. ಆದರೆ ಅಷ್ಟು ಉತ್ತರದಲ್ಲಿ ಹಣ್ಣು ಮಾಗುವುದೇ ಕಷ್ಟ. ಅದಕ್ಕೆ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಬೇಕು. ಬ್ರೆಮ್ ಊರಿನ ಕಾಲ್ಮಾಂಟ್ ತೋಟ ಕೆಲವು ಕಡೆ ಸುಮಾರು 65 ಡಿಗ್ರಿ ಕಡಿದು. ನೆಲದ ತುಂಬ ಸ್ಲೇಟ್ ಕಲ್ಲಿನ ಚಕ್ಕೆ. ಹಗಲು ಕಾದು ರಾತ್ರಿ ಶಾಖ ಬಿಡುತ್ತದೆ. ವೈನಿನಲ್ಲಿ ಸ್ಲೇಟಿನ ರುಚಿಯೇ ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ಬೇರು ಕಲ್ಲಿನ ರುಚಿಯನ್ನು ಹೀರಿ ಹಣ್ಣಿಗೆ ಕಳಿಸುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕಲ್ಲು ಮಾಡುವ ಕೆಲಸ ಶಾಖ ಹಿಡಿಯುವುದು, ನೀರು ಬಸಿಯುವುದು.

ಅಂಥ ಕಡಿದಿನಲ್ಲಿ ಟ್ರ್ಯಾಕ್ಟರ್ ಓಡುವುದಿಲ್ಲ. ಒಂದೊಂದು ಬಳ್ಳಿಗೂ ಒಂದೊಂದು ಗೂಟ, ಕಟಾವು ಕೈಯಲ್ಲೇ. ಎಷ್ಟೋ ಕಡೆ ಒಂದೇ ಹಳಿಯ ಪುಟ್ಟ ಗಾಡಿಯಲ್ಲಿ ಹಣ್ಣು ಸಾಗಿಸುತ್ತಾರೆ. ಅಷ್ಟು ದುಡಿಮೆಗೆ ಅವರು ಕೇಳುವ ಬೆಲೆ ನನಗಂತೂ ಜಾಸ್ತಿ ಅನಿಸುವುದಿಲ್ಲ.

ಊಟಕ್ಕೆ ಏನು ಅಂತಾನೂ ಕೇಳಿದ್ದೀರಿ. ಕುಂದಾಪುರದ ಚಿಕನ್ ಘೀ ರೋಸ್ಟ್ ಮಾಡಿ. ಖಾರಕ್ಕೆ ಆ ಸಿಹಿ, ತುಪ್ಪಕ್ಕೆ ಆ ಹುಳಿ ಸರಿಹೊಂದುತ್ತದೆ. ಆಲ್ಕೋಹಾಲ್ ಕಡಿಮೆ ಇರುವುದರಿಂದ ಮೆಣಸಿನಕಾಯಿ ಉರಿಯೂ ಏರುವುದಿಲ್ಲ. ಮಿಕ್ಕಿದ್ದಕ್ಕೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಡಿ, ಮೂರ್ನಾಲ್ಕು ದಿನ ಚೆನ್ನಾಗಿರುತ್ತದೆ.

ಸಿಹಿ ಬೇಡವೇ ಬೇಡ ಅಂದರೆ ಮುಂದಿನ ಸಲ ಲೇಬಲ್ ಮೇಲೆ ಟ್ರೋಕನ್ ಅಂತ ಇರುವುದನ್ನು ತರಲು ತಮ್ಮನಿಗೆ ಹೇಳಿ. ಆ ಪದ ಇದ್ದರೆ ಲೀಟರಿಗೆ ಹೆಚ್ಚೆಂದರೆ 9 ಗ್ರಾಂ ಸಕ್ಕರೆ. ತಮ್ಮನಿಗೆ ಬಿಡುವಿದ್ದರೆ ಕೊಬ್ಲೆನ್ಸ್‌ನಿಂದ ಟ್ರಿಯರ್ ಕಡೆಯ ರೈಲು ಹತ್ತಿ ಎಡಿಗರ್-ಎಲ್ಲರ್‌ನಲ್ಲಿ ಇಳಿಯಲಿ. ಅಲ್ಲಿಂದ ಬ್ರೆಮ್‌ಗೆ ಕಾಲ್ಮಾಂಟ್ ತೋಟಗಳ ನಡುವೆಯೇ ಕಾಲುದಾರಿ ಇದೆ. ಏಣಿ, ಉಕ್ಕಿನ ಹಗ್ಗ ಹಿಡಿದು ಹತ್ತುವ ಜಾಗಗಳೂ ಇವೆ, ಗಟ್ಟಿ ಬೂಟು ಹಾಕಿಕೊಂಡು ಹೋಗಲಿ.