ಹಳೇ ಕಾಮಿಡಿ ಸೀರಿಯಲ್ ಮತ್ತೆ ಶುರು ಮಾಡ್ತೀರಾ? ಮೊದಲು ಡೇಟ್ಸ್ ನೋಡಿ

ಇಪ್ಪತ್ತು ವರ್ಷದ ಹಿಂದಿನ ಹಾಸ್ಯ ಧಾರಾವಾಹಿಯೊಂದನ್ನು ಯೂಟ್ಯೂಬ್‌ನಲ್ಲಿ ಮತ್ತೆ ಶುರು ಮಾಡುತ್ತಿದ್ದೀವಿ, ಹಳೇ ಕಲಾವಿದರೇ ಬೇಕಾ, ಹೊಸಬರು ಸಾಕಾ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ಒಂದು ಚಾನೆಲ್ಲಿನ ಮೀಟಿಂಗ್ ರೂಮಿನಲ್ಲಿ ಕೂತಿದ್ದವನು. ಹಳಬರೇ ಬೇಕು ಅಂದೆ. ಹಳಬರೇ ಬಂದರು. ಸೀರಿಯಲ್ ಮುಳುಗಿತು.

ಯಾವ ಸೀರಿಯಲ್ ಅಂತ ಕೇಳಬೇಡಿ, ಅದರಲ್ಲಿದ್ದವರೆಲ್ಲ ಇನ್ನೂ ಇದೇ ಊರಲ್ಲಿ ಕೆಲಸ ಮಾಡುತ್ತಿದ್ದಾರೆ. ವಠಾರದ ಮನೆ, ರಿಟೈರ್ಡ್ ಮಾವ, ಕೆಲಸ ಬಿಟ್ಟು ಬಂದು ಸೇರಿಕೊಂಡ ಮನೆಯಳಿಯ. ಇಷ್ಟೇ ಕತೆ. ಮೊದಲ ಸಲ ಬಂದಾಗ ನಾನು ಸೀನ್ ಪೇಪರ್ ಜೆರಾಕ್ಸ್ ಮಾಡಿಸಿಕೊಂಡು ಬರುವ ಹುಡುಗ. ಪಾಪ ಪಾಂಡು, ಸಿಲ್ಲಿ ಲಲ್ಲಿ ನೋಡೋಕೆ ಊಟದ ತಟ್ಟೆ ಹಿಡಿದು ಟಿವಿ ಮುಂದೆ ಕೂರುತ್ತಿದ್ದ ಕಾಲ ಅದು. ನಮ್ಮದು ಅಷ್ಟು ದೊಡ್ಡ ಹೆಸರು ಮಾಡಲಿಲ್ಲ, ಆದರೆ ಮಾವನನ್ನು ತರಕಾರಿ ಮಾರ್ಕೆಟ್ಟಿನಲ್ಲಿ ಜನ ಅಡ್ಡಗಟ್ಟಿ ‘ಅಳಿಯ ಮನೇಲಿದಾನಾ ಸಾರ್?’ ಅಂತ ಕೇಳುವಷ್ಟು ಮಾಡಿತ್ತು. ಎಷ್ಟೋ ವರ್ಷ ಆದಮೇಲೆ ಚಾನೆಲ್ ಅದನ್ನೇ ಮತ್ತೆ ತರೋಣ ಅಂದಾಗ ಸಂಭಾಷಣೆ ಬರೆಯೋಕೆ ನನ್ನನ್ನು ಕರೆದರು. ಕರೆದ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ತೊಂದರೆ ಶುರುವಾಗಿದ್ದು ಡೇಟ್ಸ್‌ನಿಂದ, ಅಂದರೆ ಕಲಾವಿದರು ಶೂಟಿಂಗಿಗೆ ಕೊಡುವ ದಿನಗಳಿಂದ. ಮಾವನ ಪಾತ್ರಧಾರಿ ಅಷ್ಟು ಹೊತ್ತಿಗೆ ಸಿನಿಮಾದಲ್ಲಿ ಬಿಜಿ, ತಿಂಗಳ ಮೊದಲ ವಾರ ಮಾತ್ರ ಕೊಡ್ತೀನಿ ಅಂದರು. ಅಳಿಯ ಬೇರೆ ಚಾನೆಲ್ಲಿನ ಡೈಲಿ ಸೋಪಿನಲ್ಲಿ ಸಿಕ್ಕಿಹಾಕಿಕೊಂಡಿದ್ದ, ಅವನಿಗೆ ಬಿಡುವು ತಿಂಗಳ ಕೊನೆಗೆ. ಪ್ರೊಡಕ್ಷನ್ ಮ್ಯಾನೇಜರ್ ಚಾರ್ಟ್ ಹಿಡಿದು ಬಂದು, ‘ಇಬ್ರೂ ಒಟ್ಟಿಗೆ ಸಿಗೋದೇ ಇಲ್ಲ, ಏನಾದ್ರೂ ಬರೀತೀರಾ?’ ಅಂದ. ನಾನು ‘ಬರೀತೀನಿ ಬಿಡಿ’ ಅಂದೆ.

ಆ ಮಾತೇ ನನ್ನನ್ನು ತಿಂದಿದ್ದು. ಯಾಕೆ ಅಂದೆ ಅನ್ನೋದನ್ನ ಸ್ವಲ್ಪ ಉದ್ದವಾಗಿಯೇ ಹೇಳುತ್ತೀನಿ, ಯಾಕೆಂದರೆ ನೀವೂ ಅನ್ನುತ್ತೀರಿ.

ಒಂದು, ನನಗೆ ಜಂಬ. ಎಂಥಾ ಕಟ್ಟುಪಾಡು ಕೊಟ್ಟರೂ ಬರೆಯಬಲ್ಲೆ ಅನ್ನೋ ಜಂಬ. ಎರಡು, ನನ್ನ ಹತ್ತಿರ ಉದಾಹರಣೆ ಇತ್ತು. ‘ಅರೆಸ್ಟೆಡ್ ಡೆವಲಪ್‌ಮೆಂಟ್’ ಅಂತ ಅಮೆರಿಕದ ಹಾಸ್ಯ ಧಾರಾವಾಹಿ. 2003ರಿಂದ 2006ರವರೆಗೆ ಫಾಕ್ಸ್‌ನಲ್ಲಿ ಬಂದು ನಿಂತಿತ್ತು. 2013ರಲ್ಲಿ ನೆಟ್‌ಫ್ಲಿಕ್ಸ್ ಅದನ್ನು ಎಬ್ಬಿಸಿತು. ನಟರೆಲ್ಲ ಅಷ್ಟರಲ್ಲಿ ಸ್ಟಾರ್‌ಗಳು, ಒಟ್ಟಿಗೆ ಸಿಗುತ್ತಿರಲಿಲ್ಲ. ಹಾಗಾಗಿ ಒಂದೊಂದು ಕಂತು ಒಬ್ಬೊಬ್ಬರ ಸುತ್ತ. ಕೂಡಿ ಬರದ ಕಡೆ ಗ್ರೀನ್ ಸ್ಕ್ರೀನ್ ಹಾಕಿ, ಬೇರೆ ಬೇರೆ ತೆಗೆದ ದೃಶ್ಯಗಳನ್ನು ಒಂದೇ ಫ್ರೇಮಿಗೆ ಅಂಟಿಸಿದರು. ‘ಅಮೆರಿಕದವರೇ ಮಾಡಿದ್ದಾರೆ ಸಾರ್’ ಅಂತ ಮೀಟಿಂಗಿನಲ್ಲಿ ಎದೆಯುಬ್ಬಿಸಿ ಹೇಳಿದೆ. ಅದನ್ನು ನೋಡುವಾಗ ನನಗೇ ಬೋರ್ ಹೊಡೆದು ನಾಲ್ಕನೇ ಕಂತಿಗೆ ಬಿಟ್ಟಿದ್ದೆ ಅನ್ನೋದನ್ನ ಮಾತ್ರ ಹೇಳಲಿಲ್ಲ. (2018ರಲ್ಲಿ ಅದನ್ನು ತಯಾರಿಸಿದವರೇ ಆ ಹದಿನೈದು ಕಂತನ್ನು ಬಿಚ್ಚಿ, ಎಲ್ಲರ ಕತೆ ಹೆಣೆದು ಇಪ್ಪತ್ತೆರಡು ಕಂತಾಗಿ ಮತ್ತೆ ಕತ್ತರಿಸಿ ಬಿಟ್ಟರು. ಅಂದರೆ ಅವರಿಗೂ ಸಮಾಧಾನ ಇರಲಿಲ್ಲ ಅಂತ ನನ್ನ ಲೆಕ್ಕ.)

ಹೇಗೆ ಬರೆದೆ ಗೊತ್ತಾ? ಮಾವ ಊರಿಂದ ಫೋನ್ ಮಾಡುತ್ತಾನೆ. ಅಳಿಯ ಬಚ್ಚಲು ಮನೆ ಬಾಗಿಲ ಹೊರಗೆ ನಿಂತು ಕೂಗುತ್ತಾನೆ, ಒಳಗಿಂದ ಬರೀ ಧ್ವನಿ. ಮಾವನ ಬನಿಯನ್ ಹಾಕಿಸಿ ಲೈಟ್ ಬಾಯ್ ಒಬ್ಬನನ್ನು ಬೆನ್ನು ತಿರುಗಿಸಿ ಕೂರಿಸಿದೆವು. ಎದುರಿನವರ ಮಾತನ್ನು ಅಸಿಸ್ಟೆಂಟ್ ಡೈರೆಕ್ಟರ್ ಕ್ಯಾಮೆರಾ ಪಕ್ಕದಿಂದ ವರದಿ ಓದಿದ ಹಾಗೆ ಓದುತ್ತಿದ್ದ, ಇವರು ಅದಕ್ಕೆ ರಿಯಾಕ್ಷನ್ ಕೊಡಬೇಕು.

ಪೇಪರ್ ಮೇಲೆ ಎಲ್ಲಾ ಪಂಚ್‌ಗಳೂ ಇದ್ದವು. ಈಗ ಓದಿದರೂ ಕೆಟ್ಟದಾಗಿಲ್ಲ. ಆದರೆ ಜನ ನಗೋದು ಪಂಚ್ ಹೇಳಿದವನ ಬಾಯಿ ನೋಡಿ ಅಲ್ಲ, ಕೇಳಿಸಿಕೊಂಡವನ ಮುಖ ನೋಡಿ. ಹಳೇ ಸೀರಿಯಲ್ಲಿನಲ್ಲಿ ಒಂದು ಸಲ ಅಳಿಯ ‘ಕಾಫಿ ಆಯ್ತಾ ಮಾವ?’ ಅಂದಾಗ ಮಾವ ಉತ್ತರ ಕೊಡದೆ ಪೇಪರ್ ಮಡಿಸುತ್ತಾ ಕೂತರು. ಒಂದು ಮಡಿಕೆ, ಇನ್ನೊಂದು ಮಡಿಕೆ, ಮತ್ತೊಂದು. ಸೀನ್ ಪೇಪರಿನಲ್ಲಿ ಇರಲಿಲ್ಲ ಅದು. ಅಳಿಯ ಅಲ್ಲಾಡದೆ ನೋಡುತ್ತಾ ನಿಂತು, ಪೇಪರ್ ಇನ್ನು ಮಡಿಸೋಕಾಗದಷ್ಟು ಚಿಕ್ಕದಾದಮೇಲೆ, ‘ಹಂಗಾದ್ರೆ ನಾನೂ ಆಮೇಲೆ ಕುಡೀತೀನಿ’ ಅಂದ. ಕ್ಯಾಮೆರಾಮನ್ ನಕ್ಕು ಫ್ರೇಮ್ ಅಲ್ಲಾಡಿತ್ತು. ಅದನ್ನು ಹಾಗೇ ಏರ್ ಮಾಡಿದರು. ಆ ಮೌನ ಎಷ್ಟು ಉದ್ದ ಇರಬೇಕು ಅಂತ ಅವರಿಬ್ಬರೂ ಒಬ್ಬರ ಕಣ್ಣಲ್ಲಿ ಒಬ್ಬರು ನೋಡಿ ಅಳೆದದ್ದು. ನನ್ನ ಹೊಸ ಸೀರಿಯಲ್ಲಿನಲ್ಲಿ ಆ ಅಳತೆಯನ್ನು ಎಡಿಟರ್ ಟೇಬಲ್ ಮೇಲೆ ಊಹಿಸಬೇಕಿತ್ತು. ವಾರದ ಕಂತುಗಳನ್ನು ಒಟ್ಟಿಗೆ ಕೊಡಬೇಕಾದ ಒತ್ತಡದಲ್ಲಿ ಅವನು ಎಲ್ಲಾ ಕಡೆ ಒಂದೇ ಸೈಜಿನ ಗ್ಯಾಪ್ ಇಟ್ಟ.

ಇನ್ನೂ ಒಂದಿದೆ, ಇದು ನನಗೆ ಬಹಳ ತಡವಾಗಿ ಹೊಳೆದದ್ದು. ಫೋನಿನಲ್ಲಿ ಜಗಳ ಬಂದರೆ ಕಟ್ ಮಾಡಬಹುದು. ವಠಾರದಲ್ಲಿ ಆಗಲ್ಲ. ಒಂದೇ ನಲ್ಲಿ, ಒಂದೇ ಬಚ್ಚಲು, ಒಂದೇ ಪೇಪರ್. ಮಾವನಿಗೆ ಅಳಿಯನಿಂದ ತಪ್ಪಿಸಿಕೊಂಡು ಹೋಗೋಕೆ ಜಾಗ ಇಲ್ಲ, ಅದೇ ಇಡೀ ಕಾಮಿಡಿ. ನಾನು ಇಬ್ಬರಿಗೂ ಹೋಗೋಕೆ ಜಾಗ ಮಾಡಿಕೊಟ್ಟುಬಿಟ್ಟೆ. ಜಾಗ ಸಿಕ್ಕಮೇಲೆ ಅವರು ಯಾಕೆ ಜಗಳ ಆಡಬೇಕು?

ಮೊದಲ ವಾರ ಹಳೇ ಹೆಸರಿಗೆ ಜನ ಬಂದರು. ಆಮೇಲೆ ರೇಟಿಂಗ್ ಬಿತ್ತು, ಸ್ಲಾಟ್ ರಾತ್ರಿಯಿಂದ ಮಧ್ಯಾಹ್ನಕ್ಕೆ ಹೋಯಿತು, ಮಧ್ಯಾಹ್ನದಿಂದ ಎಲ್ಲಿಗೂ ಹೋಗಲಿಲ್ಲ. ನನಗೆ ಕೊನೆಯ ಪೇಮೆಂಟ್ ಬರಲಿಲ್ಲ, ಆಮೇಲೆ ಬಹಳ ಕಾಲ ಕಾಮಿಡಿ ಬರೆಯೋಕೆ ಯಾರೂ ಕರೆಯಲಿಲ್ಲ. ಕ್ರೈಂ ಎಪಿಸೋಡ್ ಬರೆದು ಬದುಕಿದೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಹಳಬರೋ ಹೊಸಬರೋ ಅಲ್ಲ, ಜೋಡಿ ಇದೆಯೋ ಇಲ್ಲವೋ ಅಷ್ಟೇ. 2018ರಲ್ಲಿ ಪಾಪ ಪಾಂಡು ಕಲರ್ಸ್ ಸೂಪರ್‌ನಲ್ಲಿ ಮತ್ತೆ ಬಂದಾಗ ಸಿಹಿಕಹಿ ಚಂದ್ರು ಅವರು ಪಾಂಡು ಆಗಿದ್ದ ಚಿದಾನಂದ್, ಅವನ ಹೆಂಡತಿಯಾಗಿದ್ದ ಶಾಲಿನಿ ಇಬ್ಬರನ್ನೂ ಕರೆತಂದರು. ಪಾಂಡು ಒಬ್ಬನೇ ಬಂದಿದ್ದರೆ ಒದೆ ತಿನ್ನೋದು ಯಾರ ಕೈಯಲ್ಲಿ? ‘ಫ್ರೇಸಿಯರ್’ ನೋಡಿ. ಹನ್ನೊಂದು ಸೀಸನ್ ಓಡಿದ ಅಮೆರಿಕದ ಕಾಮಿಡಿ ಸೀರಿಯಲ್, 2004ರಲ್ಲಿ ಮುಗಿದಿತ್ತು. 2023ರಲ್ಲಿ ಪ್ಯಾರಾಮೌಂಟ್ ಪ್ಲಸ್ ಅದನ್ನು ಎಬ್ಬಿಸಿತು. ಅಣ್ಣ ಫ್ರೇಸಿಯರ್ ಆಗಿ ಕೆಲ್ಸಿ ಗ್ರಾಮರ್ ಬಂದರು, ತಮ್ಮ ನೈಲ್ಸ್ ಆಗಿದ್ದ ಡೇವಿಡ್ ಹೈಡ್ ಪಿಯರ್ಸ್ ಬರಲೊಪ್ಪಲಿಲ್ಲ. ಅಪ್ಪನ ಪಾತ್ರದ ಜಾನ್ ಮಹೋನಿ 2018ರಲ್ಲೇ ತೀರಿಕೊಂಡಿದ್ದರು. ಗ್ರಾಮರ್ ಅಭಿನಯದಲ್ಲಿ ಏನೂ ಕೊರತೆ ಇರಲಿಲ್ಲ, ಆದರೆ ನನಗದು ಒಬ್ಬನೇ ಕೂತು ಕೇರಂ ಆಡುವವನನ್ನು ನೋಡಿದ ಹಾಗಿತ್ತು. ಎರಡು ಸೀಸನ್‌ಗೆ ನಿಂತಿತು.

ನಿಮ್ಮ ಹಳೇ ಸೀರಿಯಲ್ಲಿನ ಕೊನೆಯ ಕಂತಿನಲ್ಲಿ ಕುಟುಂಬ ಮನೆ ಖಾಲಿ ಮಾಡಿ ಹೋಗಿದೆ, ಈಗ ವಾಪಸ್ ಹೇಗೆ ತರೋದು ಅಂತಲೂ ಕೇಳಿದ್ದೀರಿ. ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಅಮೆರಿಕದ್ದೇ ‘ರೋಸಾನ್’ ಅನ್ನೋ ಕಾಮಿಡಿ ಸೀರಿಯಲ್ 1997ರ ಕೊನೆಯ ಕಂತಿನಲ್ಲಿ ಗಂಡ ಸತ್ತುಹೋಗಿದ್ದ ಅಂತ ಹೇಳಿತ್ತು. 2018ರಲ್ಲಿ ಮತ್ತೆ ಶುರುವಾದಾಗ ಅವನು ಉಸಿರಾಟದ ಮಾಸ್ಕ್ ಹಾಕಿಕೊಂಡು ಹಾಸಿಗೆಯಲ್ಲೇ ಮಲಗಿದ್ದ, ಹೆಂಡತಿ ‘ಸತ್ತೇ ಹೋದೆ ಅಂದ್ಕೊಂಡೆ’ ಅಂದಳು, ಮುಗೀತು. ಸತ್ತವನನ್ನೇ ಜನ ಒಪ್ಪಿಕೊಂಡರು, ಮನೆ ಖಾಲಿ ಮಾಡಿದ್ದನ್ನು ಒಪ್ಪಲ್ವಾ? ಆ ಸೀರಿಯಲ್ ನಿಂತಿದ್ದು ನಾಯಕಿಯ ಒಂದು ಟ್ವೀಟಿನಿಂದ, ಕತೆಯಿಂದಲ್ಲ.

ನನ್ನ ಕೇಳಿದರೆ, ಹಳೇ ಹೆಸರೇ ಬೇಡ. ಸಾಮಾನ್ಯವಾಗಿ ಟೈಟಲ್, ಪಾತ್ರ, ಹಾಡು ಎಲ್ಲದರ ಹಕ್ಕೂ ಟಿವಿ ಚಾನೆಲ್ ಹತ್ತಿರ ಇರುತ್ತೆ. ನಿರ್ದೇಶಕರು ಬಾಯಿಮಾತಲ್ಲಿ ‘ಮಾಡ್ಕೊಳ್ರಪ್ಪಾ’ ಅಂದಿದ್ದನ್ನು ನಂಬಿಕೊಂಡು ಅಪ್‌ಲೋಡ್ ಮಾಡಿದರೆ ನಿಮ್ಮ ಯೂಟ್ಯೂಬ್ ಚಾನೆಲ್‌ಗೆ ಕಾಪಿರೈಟ್ ಸ್ಟ್ರೈಕ್ (ಹಕ್ಕು ಮುರಿದದ್ದಕ್ಕೆ ಯೂಟ್ಯೂಬ್ ಹಾಕುವ ದಂಡನೆ) ಬೀಳಬಹುದು. ನಿಮ್ಮ ಹಳೇ ಸೀರಿಯಲ್ಲಿನ ಜೋಡಿ ಕಲಾವಿದರು ಸಿಕ್ಕಿದರೆ ಅವರಿಗಾಗಿ ಹೊಸ ಮನೆ, ಹೊಸ ಜಗಳ ಬರೆಯಿರಿ. ಜನ ಹೇಗೂ ಹಳೇದನ್ನು ನೆನೆಸಿಕೊಂಡೇ ನೋಡುತ್ತಾರೆ, ನೀವು ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಇದು ನಿಮಗೆ ಇಷ್ಟ ಆಗಲ್ಲ, ಗೊತ್ತು. ನೀವು ಆ ಟೈಟಲ್ ಸಾಂಗ್ ಮತ್ತೆ ಕೇಳೋಕೆ ಹೊರಟಿದ್ದೀರಿ.

ಆದರೂ ಮಾಡೇ ಮಾಡ್ತೀವಿ ಅಂದರೆ ಅಡ್ವಾನ್ಸ್ ಕೊಡುವ ಮುಂಚೆ ಇಬ್ಬರ ಡೇಟ್ಸೂ ಒಂದೇ ಹಾಳೆಯಲ್ಲಿ ಬರೆಸಿಕೊಳ್ಳಿ. ಕೂಡಿ ಬರುವ ದಿನ ಕಡಿಮೆ ಇದ್ದರೆ ಕಂತು ಕಡಿಮೆ ಮಾಡಿ, ಆರಾದರೆ ಆರೇ ಸಾಕು. ಶೂಟಿಂಗ್ ದಿನ ಒಬ್ಬರು ಬರಲಿಲ್ಲ ಅಂತಿಟ್ಟುಕೊಳ್ಳಿ, ಪ್ರೊಡಕ್ಷನ್ ಮ್ಯಾನೇಜರ್ ಬಂದು ‘ಫೋನ್ ಸೀನ್ ಮಾಡ್ಕೊಳ್ಳೋಣ ಸಾರ್, ಯೂನಿಟ್ ಕಾಯ್ತಿದೆ’ ಅನ್ನುತ್ತಾನೆ. ಯೂನಿಟ್‌ಗೆ ಊಟ ಹಾಕಿಸಿ ಪ್ಯಾಕಪ್ ಹೇಳಿ. ಒಂದು ದಿನದ ಮನೆ ಬಾಡಿಗೆ, ಕ್ಯಾಮೆರಾ ಬಾಡಿಗೆ ಹೋಗುತ್ತೆ, ಹೋಗಲಿ.